ಬ್ಲ್ಯಾಕ್ ಕರಂಟ್ ತಿಂದಿದ್ದೀರಾ ಸ್ವಾಮಿ?

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಇವತ್ತು ಮಾತ್ರ ಸಿಟ್ಟು ಬಂದಿದೆ. ಸಿಟ್ಟು ಬಂದಾಗ ನನ್ನ ಬೆರಳು ಯಾರ ಮಾತೂ ಕೇಳೋದಿಲ್ಲ.

ವಿಷಯ ಇಷ್ಟು. ಕೆಲ ತಿಂಗಳ ಹಿಂದೆ ಬೆಂಗಳೂರಿನಲ್ಲಿ ಗೆಳೆಯನೊಬ್ಬ ವೈನ್ ಟೇಸ್ಟಿಂಗಿಗೆ ಎಳೆದುಕೊಂಡು ಹೋಗಿದ್ದ. ದೊಡ್ಡ ಹೋಟೆಲು, ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಪ್ರತಿಯೊಬ್ಬರ ಮುಂದೆ ಐದು ಗ್ಲಾಸು, ಒಂದು ಪೆನ್ಸಿಲ್ಲು, ಒಂದು ಕಾರ್ಡು. ಕಾರ್ಡಿನಲ್ಲಿ ಇಂಗ್ಲಿಷಿನ ರುಚಿ-ವಾಸನೆಗಳ ಉದ್ದ ಪಟ್ಟಿ, ಟಿಕ್ ಹಾಕುತ್ತಾ ಹೋಗಬೇಕು. ಪಕ್ಕದಲ್ಲಿ ಕೂತವರು ನಮ್ಮವರೇ. ಅಷ್ಟೊತ್ತೂ ನನ್ನ ಜತೆ ಟ್ರಾಫಿಕ್ಕು, ಮಗನ ಸ್ಕೂಲ್ ಫೀಸು, ಊರ ಹೊಲದ ವ್ಯಾಜ್ಯ ಅಂತ ಕನ್ನಡದಲ್ಲೇ ಹರಟುತ್ತಿದ್ದರು. ಗ್ಲಾಸು ಮೂಗಿನ ಹತ್ತಿರ ಬಂದದ್ದೇ ತಡ, ಭಾಷೆ ಬದಲಾಯ್ತು. "ಬ್ಲ್ಯಾಕ್ ಕರಂಟ್... ವಯೊಲೆಟ್... ಫಾರೆಸ್ಟ್ ಫ್ಲೋರ್..." ಅಂತ ಕಣ್ಣು ಮುಚ್ಚಿ ಶುರು ಮಾಡಿದರು. ನಾನು ಸುಮ್ಮನಿರಲಾರದೆ "ಒಗರು ಸ್ವಲ್ಪ ಜಾಸ್ತಿ ಅನ್ಸುತ್ತೆ ಅಲ್ವಾ?" ಅಂದೆ. ಅವರು ನಕ್ಕರು. ಕೆಟ್ಟ ನಗುವಲ್ಲ, ದಾಕ್ಷಿಣ್ಯದ ನಗು. "ಇದಕ್ಕೆಲ್ಲಾ ಕನ್ನಡದಲ್ಲಿ ಪದ ಇಲ್ಲ ಬಿಡಿ ಸಾರ್. ನಮ್ಮೋರಿಗೆ ಏನಿದ್ರೂ ಕಿಕ್ಕು ಮುಖ್ಯ."

ಆಗ ಉತ್ತರ ಹೊಳೆಯಲಿಲ್ಲ. ನನಗೆ ಯಾವಾಗಲೂ ಹಾಗೇ, ಜಗಳಕ್ಕೆ ಬೇಕಾದ ಮಾತು ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯುತ್ತೆ. ಈಗ ಕೇಳ್ತೀನಿ. ನೀವು ಬ್ಲ್ಯಾಕ್ ಕರಂಟ್ ಹಣ್ಣು ತಿಂದಿದ್ದೀರಾ ಸ್ವಾಮಿ? ಐಸ್‌ಕ್ರೀಮ್ ಅಲ್ಲ, ಹಣ್ಣು. ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಬ್ಲ್ಯಾಕ್ ಕರಂಟ್ ಅಂದರೆ ನೇರಳೆ ಬಣ್ಣದ ಐಸ್‌ಕ್ರೀಮೇ. ಚೆರ್ರಿಯದ್ದು ಇನ್ನೂ ತಮಾಷೆ. ಬೇಕರಿ ಕೇಕಿನ ಮೇಲೆ ಕೂತಿರುತ್ತಲ್ಲ ಕೆಂಪು ಚೆರ್ರಿ, ಅದು ಬಹಳ ಸಲ ಚೆರ್ರಿಯೇ ಅಲ್ಲ. ನಮ್ಮ ಬೇಲಿಯ ಕವಳಿ ಹಣ್ಣನ್ನು ಸಕ್ಕರೆ ಪಾಕದಲ್ಲಿ ಅದ್ದಿ, ಬಣ್ಣ ಹಾಕಿ ಮಾಡಿದ್ದು. ಅಂದರೆ ಲೆಕ್ಕ ಹೀಗಾಯ್ತು: ಕವಳಿ ಹಣ್ಣು ತಿಂದು ಬೆಳೆದ ನಾಲಿಗೆಯವನು, ಅದನ್ನೇ ಚೆರ್ರಿ ಅಂತ ತಿಳಿದು, ಆ ಚೆರ್ರಿಯನ್ನು ಇಟಲಿಯ ವೈನಿನಲ್ಲಿ ಹುಡುಕಿ, ಇಂಗ್ಲಿಷ್ ಕಾರ್ಡಿನಲ್ಲಿ ಟಿಕ್ ಹಾಕಿ, ಕನ್ನಡದಲ್ಲಿ ಪದ ಇಲ್ಲ ಅಂತಾನೆ!

ಆ ಕಾರ್ಡಾದರೂ ಎಲ್ಲಿಂದ ಬಂತು? ವೇದಕಾಲದ್ದೇನಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಆನ್ ನೋಬಲ್ ಅನ್ನೋ ಪ್ರೊಫೆಸರಮ್ಮ 1980ರ ದಶಕದಲ್ಲಿ ವಾಸನೆಗಳ ಒಂದು ಚಕ್ರ ಮಾಡಿದರು. ಇಂದಿನ ಇಂಥ ಕಾರ್ಡುಗಳಲ್ಲಿ ಬಹಳಷ್ಟು ಅದರ ಮಕ್ಕಳು ಮೊಮ್ಮಕ್ಕಳು. ಆಕೆ ಮಾಡಿದ ಜಾಣತನ ಏನು ಗೊತ್ತಾ? "ಘನವಾದ", "ಕುಲೀನವಾದ" ಅನ್ನೋ ಗಾಳಿ ಮಾತು ಬಿಟ್ಟು, ಅಡುಗೆಮನೆಯಲ್ಲಿ ಅಂಗಡಿಯಲ್ಲಿ ಕೈಗೆ ಸಿಗೋ ವಸ್ತುಗಳ ಹೆಸರು ಹಾಕಿದ್ದು. ಅವರ ಅಡುಗೆಮನೆಯಲ್ಲಿ ಡಬ್ಬಿ ಶತಾವರಿ ಇತ್ತು, ಅದನ್ನು ಹಾಕಿದರು. ನೆನೆದ ನಾಯಿಯ ವಾಸನೆ ಕೂಡ ಆ ಚಕ್ರದಲ್ಲಿದೆ! ಕ್ಯಾಲಿಫೋರ್ನಿಯಾದ ನೆನೆದ ನಾಯಿಗೆ ಸಲ್ಲೋ ಮರ್ಯಾದೆ ಚಿಂಚೋಳಿಯ ನೆನೆದ ಎಮ್ಮೆಗೆ ಯಾಕಿಲ್ಲ? ಆಕೆ ತನ್ನ ಮನೆಯ ಕಪಾಟು ತೆರೆದು ಬರೆದರು. ನಾವು ಆಕೆಯ ಕಪಾಟನ್ನು ಬಾಯಿಪಾಠ ಮಾಡಿ ನಮ್ಮದಕ್ಕೆ ಬೀಗ ಹಾಕಿಕೊಂಡಿದ್ದೇವೆ.

ಈಗ ಊರಿನ ಕಥೆ. ನಮ್ಮೂರು ಐನಾಪುರ. ಕಾಗವಾಡದ ಹತ್ತಿರದ್ದಲ್ಲ ಮಾರಾಯ್ರೆ, ಪ್ರತಿಸಲ ಇದನ್ನೇ ಹೇಳಿ ಸಾಕಾಗಿದೆ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಐನಾಪುರ. ಈ ಕಡೆ ಕಾಡು, ಆ ಕಡೆ ತೊಗರಿ ಹೊಲ, ಇನ್ನೊಂದು ಕಡೆ ಹೋದರೆ ತೆಲಂಗಾಣ. ನಮ್ಮಲ್ಲಿ ಎಳ್ಳಮಾವಾಸ್ಯೆ ಅಂದರೆ ದೀಪಾವಳಿಗಿಂತ ದೊಡ್ಡ ಹಬ್ಬ. ಹೋದ ಎಳ್ಳಮಾವಾಸ್ಯೆಗೆ ಅಕ್ಕನ ಮಗ ಬಂದಿದ್ದ. ಇಟಲಿಯ ತೂರಿನ್ ಊರಲ್ಲಿ ಓದಿ ಅಲ್ಲೇ ಕೆಲಸಕ್ಕಿದ್ದಾನೆ. ಬರುವಾಗ ಸೂಟ್‌ಕೇಸಿನಲ್ಲಿ ಪ್ಯಾಂಟುಗಳ ನಡುವೆ ಸುತ್ತಿಕೊಂಡು ಒಂದು ಬಾಟ್ಲಿ ತಂದಿದ್ದ. ಬರೋಲೊ, 2004ರ ಕೊಯ್ಲು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಬರೋಲೊ ಅನ್ನೋದು ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತ್ಯದ ವೈನು. ಆಲ್ಬಾ ಪಟ್ಟಣದ ಸುತ್ತಲಿನ ಲಾಂಗೆ ಗುಡ್ಡಗಳ 11 ಊರುಗಳಲ್ಲಿ ಬೆಳೆದ ನೆಬ್ಬಿಯೋಲೊ ದ್ರಾಕ್ಷಿಯಿಂದ ಮಾತ್ರ ಇದನ್ನು ಮಾಡಬೇಕು, ಬೇರೆ ದ್ರಾಕ್ಷಿ ಒಂದು ಹನಿಯೂ ಬೆರೆಸುವಂತಿಲ್ಲ. ನೆಬ್ಬಿಯಾ ಅಂದರೆ ಇಟಾಲಿಯನ್ನಿನಲ್ಲಿ ಮಂಜು. ಈ ದ್ರಾಕ್ಷಿ ಹಣ್ಣಾಗೋದು ತಡ, ಅಕ್ಟೋಬರಿನಲ್ಲಿ ಗುಡ್ಡಕ್ಕೆ ಮಂಜು ಇಳಿಯೋ ಹೊತ್ತಿಗೆ ಕೊಯ್ಲು, ಅದಕ್ಕೇ ಆ ಹೆಸರು ಅಂತಾರೆ. ಕೊಯ್ಲಾದ ಮೇಲೆ ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಇದು ಅಲ್ಲಿಯ ಕಾನೂನು. ಮಾರಾಟಕ್ಕೆ ಬಂದ ಹೊಸತರಲ್ಲಿ ಇದನ್ನು ಕುಡಿಯೋದು ಕಷ್ಟ, ಬಾಯೆಲ್ಲಾ ಹಿಡಿದುಕೊಂಡುಬಿಡುತ್ತೆ. ಹತ್ತು ಇಪ್ಪತ್ತು ವರ್ಷ ತಣ್ಣಗೆ ಕತ್ತಲಲ್ಲಿ ಮಲಗಿದ ಮೇಲೆ ಅದು ಮೆತ್ತಗಾಗುತ್ತೆ.

ಮಧ್ಯೆ ಒಂದು ಮಾತು. ಹಳೇದಾದಷ್ಟೂ ಒಳ್ಳೇದು ಅನ್ನೋದು ಎಲ್ಲಾ ವೈನಿಗೆ ಅನ್ವಯಿಸೋದಿಲ್ಲ. ಅಂಗಡಿಯಲ್ಲಿ ಸಿಗೋ ಬಹುಪಾಲು ವೈನು ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಬೇಕಾದ್ದು. ಕಲಬುರಗಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ಯಾರೋ ಕೊಟ್ಟ ಬಾಟ್ಲಿಯನ್ನು ಟಿವಿ ಪಕ್ಕದ ಶೋಕೇಸಿನಲ್ಲಿ ಒಂಬತ್ತು ಬೇಸಿಗೆ ನಿಲ್ಲಿಸಿಟ್ಟಿದ್ದರು, ಮೊಮ್ಮಗನ ಮದುವೆಗೆ ಅಂತ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಅನ್ನೋದು ಸುದ್ದಿಯೇ ಅಲ್ಲ. ಬಿಚ್ಚಿದಾಗ ಅದು ಬೇಯಿಸಿದ ಒಣದ್ರಾಕ್ಷಿ ನೀರು. ವೈನು ಮಾಗೋದಕ್ಕೆ ಹನ್ನೆರಡು ಹದಿನಾಲ್ಕು ಡಿಗ್ರಿ ತಂಪು ಬೇಕು. ಹಿಂದಿನ ಕಾಲದ ನಮ್ಮ ಹಗೇವುಗಳೇ ಇದಕ್ಕೆ ಶೋಕೇಸಿಗಿಂತ ಎಷ್ಟೋ ವಾಸಿ. ಜೋಳ ಇಡೋಕೆ ನೆಲದಲ್ಲಿ ತೋಡಿದ ಹಗೇವನ್ನೆಲ್ಲಾ ಮುಚ್ಚಿ ಮೇಲೆ ಶೌಚಾಲಯ ಕಟ್ಟಿಸಿಯಾಗಿದೆ, ಆ ಮಾತು ಬಿಡಿ.

ಹಬ್ಬದ ದಿನ ಅವ್ವ ಬಾಟ್ಲಿ ಮುಟ್ಟಗೊಡಲಿಲ್ಲ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಹೊಡೆದು ಬಂದು ಮಲಗಿದೆವು. ಮರುದಿನ ಸಂಜೆ ಬಿಚ್ಚಿದ್ದು. ನಮ್ಮ ಕಡೆಯವರಿಗೆ ಗೊತ್ತಿರುತ್ತೆ, ಭಜ್ಜಿಯ ನಿಜವಾದ ರುಚಿ ಮರುದಿನವೇ. ಹುಣಸೆ ಹುಳಿ, ಕಾಳು, ಸೊಪ್ಪು ಎಲ್ಲಾ ರಾತ್ರಿಯಿಡೀ ಒಂದಕ್ಕೊಂದು ಹೊಂದಿಕೊಂಡು ಬೇರೆಯೇ ಆಗಿರುತ್ತೆ. ಮಾಗೋದು ಅಂದರೇನು ಅಂತ ನಮಗೆ ಯಾರೂ ಇಟಲಿಯಿಂದ ಬಂದು ಹೇಳಿಕೊಡಬೇಕಾಗಿಲ್ಲ.

ಬಾಟ್ಲಿ ಎರಡು ದಿನ ಒಳಮನೆಯ ಶಾಬಾದಿ ಕಲ್ಲಿನ ಮೇಲೆ ನಿಂತಿತ್ತು, ಗಸಿ ಕೆಳಗೆ ಕೂರಲಿ ಅಂತ. ಬಿರಡೆ ಎಳೆಯುವಾಗ ಅರ್ಧಕ್ಕೆ ಮುರಿದು ಪುಡಿಯಾಯ್ತು. ಇಪ್ಪತ್ತು ವರ್ಷದ ಬಿರಡೆ, ಪಾಪ. ಕೊನೆಗೆ ಚಾ ಸೋಸುವ ಜಾಲರಿ. ವೈನಿನ ಗ್ಲಾಸು ಐನಾಪುರದಲ್ಲಿ ಎಲ್ಲಿಂದ ಬರಬೇಕು, ಸ್ಟೀಲ್ ಲೋಟದಲ್ಲಿ ವಾಸನೆ ಸತ್ತು ಹೋಗುತ್ತೆ, ಹಾಗಾಗಿ ಚಾ ಗ್ಲಾಸು. ಅಳಿಯ ಮೊಬೈಲ್ ಟಾರ್ಚು ಹಿಡಿದು, ಗಸಿ ಬಾಟ್ಲಿಯ ಕುತ್ತಿಗೆಗೆ ಬರುವವರೆಗೆ ಉಸಿರು ಬಿಗಿ ಹಿಡಿದು ಬಗ್ಗಿಸಿದ.

ನಾವು ನಾಲ್ಕು ಜನ. ನಾನು, ಅಳಿಯ, ಕಾಕಾ, ಮತ್ತು ಬಾಗಿಲ ಹತ್ತಿರ ಗೋಡೆಗೊರಗಿ ಅವ್ವ. ಕಾಕಾಗೆ ಎಪ್ಪತ್ತೈದರ ಮೇಲೆ. ಹರೆಯದಲ್ಲಿ ಶಹಾಬಾದ ಕಡೆ ಕಲ್ಲಿನ ಖಣಿಯಲ್ಲಿ ದುಡಿದವನು. ಆಮೇಲೆ ಹೊಲ, ಎಲೆ ಅಡಿಕೆ, ಮತ್ತು ಎಲ್ಲರಿಗೂ ಬೈಯೋದು. ಇವನ ಮುಂದೆ ನಾನು ಯಾವ ಕಾರ್ಡೂ ಇಡಲಿಲ್ಲ. ಅಳಿಯನಿಗೂ ಏನೂ ಹೇಳಬೇಡ ಅಂತ ಕಣ್ಸನ್ನೆ ಮಾಡಿದ್ದೆ.

ಕಾಕಾ ಗ್ಲಾಸನ್ನು ಬಲ್ಬಿಗೆ ಹಿಡಿದು ನೋಡಿ ಮೊದಲು ಮುಖ ಹಿಂಡಿದ. "ಇದೇನೋ, ಕಾಚು ನೀರಾಗ ಕಲಸಿದಂಗ ಅದ! ಕೆಂಪು ಅಂದಿದ್ದಿ?"

ಸರಿಯಾಗಿಯೇ ಹೇಳಿದ. ನೆಬ್ಬಿಯೋಲೊ ಮೊದಲಿನಿಂದಲೂ ತೆಳು ಬಣ್ಣದ್ದು. ಹಳೇದಾದಂತೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ದಟ್ಟ ಕೆಂಪು ಇದ್ದರೇ ಒಳ್ಳೇ ವೈನು ಅನ್ನೋರು ಇದನ್ನು ನೋಡಿ ಮೋಸ ಹೋಗ್ತಾರೆ.

ಆಮೇಲೆ ಮೂಸಿದ. ಸುಮ್ಮನಾದ. ಮತ್ತೆ ಮೂಸಿದ. "ಹಗೇವು ತೆಗದಂಗ ವಾಸನಿ ಬರ್ತದ... ಮ್ಯಾಲ ಡಾಂಬರು. ರೋಡ್ ಹಾಕಲತ್ತಾರಲ್ಲ, ಹಂಗ."

ಅಳಿಯ ನನ್ನ ಕಡೆ ನೋಡಿದ, ನಾನು ಅವನ ಕಡೆ. ಯಾಕೆ ಅಂದರೆ, ಹಳೇ ಬರೋಲೊ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರೆಲ್ಲಾ ಸವೆದು ಹೋಗುವಷ್ಟು ಬಳಸಿದ ಮಾತು ಒಂದಿದೆ: ಡಾಂಬರು ಮತ್ತು ಗುಲಾಬಿ. ಅರ್ಧ ಬಂದಿತ್ತು. ಉಳಿದರ್ಧ ಬಾಗಿಲ ಹತ್ತಿರದಿಂದ ಬಂತು. ಅವ್ವ ಕುಡಿಯಲಿಲ್ಲ, ಕುಡಿಯೋದೂ ಇಲ್ಲ. ಗ್ಲಾಸು ಇಸ್ಕೊಂಡು ಸೆರಗು ಮೂಗಿಗೆ ಹಿಡಿದು, ಸೆರಗು ತೆಗೆದು ಒಂದು ಸಲ ಮೂಸಿ, "ಗುಲ್ಕಂದ" ಅಂತ ಅಷ್ಟೇ ಹೇಳಿ ವಾಪಸ್ ಕೊಟ್ಟಳು.

ಹಳ್ಳಿಯವರು ಮುಗ್ಧರು, ಜ್ಞಾನಿಗಳು ಅಂತ ಹಾಡಿ ಹೊಗಳೋಕೆ ಇದನ್ನು ಬರೀತಿಲ್ಲ. ಕಾಕಾ ಮುಗ್ಧನಂತೂ ಅಲ್ಲವೇ ಅಲ್ಲ, ಅವನ ಜತೆ ಹೊಲ ಹಂಚಿಕೊಂಡವರನ್ನು ಕೇಳಿ. ನಾನು ಹೇಳೋದು ಸಾದಾ ವಿಷಯ. ಮೂಗು ಎಲ್ಲರದ್ದೂ ಒಂದೇ. ವಾಸನೆಗೆ ಹೆಸರು ಕೊಡೋದು ನೆನಪು. ಎಪ್ಪತ್ತೈದು ವರ್ಷದ ನೆನಪು ಕಾಕಾನ ಹತ್ತಿರ ಕನ್ನಡದಲ್ಲಿ ಇದೆ, ಹಾಗಾಗಿ ಹೆಸರೂ ಕನ್ನಡದಲ್ಲೇ ಬಂತು. ಬೆಂಗಳೂರಿನ ಸಾಹೇಬರಿಗೂ ಅಷ್ಟೇ ನೆನಪು ಇರಬಹುದು. ಆದರೆ ಅವರು ಹುಡುಕಿದ್ದು ತಮ್ಮ ನೆನಪಿನಲ್ಲಲ್ಲ, ಕಾರ್ಡಿನಲ್ಲಿ.

ಇನ್ನು ಬಾಯಿಗೆ ಬರೋಣ. ಕಾಕಾ ಒಂದು ಗುಟುಕು ಹಾಕಿ, ಬಾಯಲ್ಲಿ ಆಡಿಸಿ, ನುಂಗಿ, ನಾಲಿಗೆಯನ್ನು ಅಂಗುಳಕ್ಕೆ ಎರಡು ಸಲ ಬಡಿದ. "ವಗರು. ಖರೆ ಅಡಿಕಿ ವಗರಲ್ಲ. ಅಳಲಿಕಾಯಿ ತಿಂದು ನೀರು ಕುಡದಂಗ, ಹಿಂದ ಸೀ ಬರ್ತದ."

ಈ ಒಂದು ವಾಕ್ಯಕ್ಕಾಗಿಯೇ ಇಷ್ಟೆಲ್ಲಾ ಬರೆಯುತ್ತಿದ್ದೇನೆ. ಕೆಂಪು ವೈನಿನ ಬೆನ್ನುಮೂಳೆಯೇ ಒಗರು. ದ್ರಾಕ್ಷಿಯ ಸಿಪ್ಪೆಯಲ್ಲಿ ಬೀಜದಲ್ಲಿ ಟ್ಯಾನಿನ್ ಅನ್ನೋ ವಸ್ತು ಇರುತ್ತೆ. ಅದು ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣ ತೆಗೆದುಬಿಡುತ್ತೆ, ಆಗ ಬಾಯಿ ಒಣಗಿ ಹಿಡಿದಂತಾಗುತ್ತೆ. ಆ ಅನುಭವಕ್ಕೆ ಇಂಗ್ಲಿಷಿನವರ ಹತ್ತಿರ ಮನೆಮಾತಿನ ಪದವೇ ಇಲ್ಲ. ಅಸ್ಟ್ರಿಂಜೆಂಟ್ ಅಂತಾರೆ, ಅದು ಔಷಧದಂಗಡಿಯ ಮಾತು. ಅವರ ಮಗು ಬಾಳೆಕಾಯಿ ಕಚ್ಚಿದರೆ ಏನಂತ ಅಳುತ್ತೋ ಗೊತ್ತಿಲ್ಲ, ನಮ್ಮ ಮೂರು ವರ್ಷದ ಮಗು "ಒಗರು" ಅನ್ನುತ್ತೆ. ಆರು ರುಚಿಗಳಲ್ಲಿ ಅದನ್ನೂ ಒಂದು ಅಂತ ಎಣಿಸಿದವರು ನಾವು. ಸಿಹಿ ಹುಳಿ ಉಪ್ಪು ಖಾರ ಕಹಿ ಒಗರು ಅಂತ ಊಟದಷ್ಟೇ ಸಲೀಸಾಗಿ ಹೇಳ್ತೇವೆ.

ಅದರಲ್ಲೂ ಎಷ್ಟು ಬಗೆ ನೋಡಿ. ಹಸಿ ಅಡಿಕೆಯ ಒಗರು ಗಂಟಲು ಹಿಡಿಯುತ್ತೆ. ಬಾಳೆಕಾಯಿಯದ್ದು ಅಂಟು. ನೇರಳೆ ಹಣ್ಣಿನದು ನಾಲಿಗೆಗೆ ಬಟ್ಟೆ ಹೊದಿಸಿದಂತೆ. ದಾಳಿಂಬೆ ಸಿಪ್ಪೆಯದ್ದು ಒರಟು, ಮರಳು ಮರಳು. ಕಾಚಿನದ್ದು ನಿಧಾನ, ಎಲೆ ಅಡಿಕೆ ಉಗುಳಿದ ಮೇಲೂ ಇರುತ್ತೆ. ನೆಲ್ಲಿಕಾಯಿ, ಅಳಲೆಕಾಯಿಯ ಒಗರು ಹಿಂದೆ ಸಿಹಿ ಬಿಟ್ಟು ಹೋಗುತ್ತೆ. ಎಳೆ ಬರೋಲೊ ಹಸಿ ಅಡಿಕೆ. ಮಾಗುತ್ತಾ ಹೋದಂತೆ ಟ್ಯಾನಿನ್ನಿನ ಕಣಗಳು ಒಂದಕ್ಕೊಂದು ಸೇರಿ, ಬಣ್ಣದ ಕಣಗಳನ್ನೂ ಎಳೆದುಕೊಂಡು, ದೊಡ್ಡದಾಗಿ, ಭಾರವಾಗಿ ಗಸಿಯಾಗಿ ಕೆಳಗೆ ಕೂರುತ್ತವೆ. ಅದಕ್ಕೇ ಬಣ್ಣ ತೆಳು, ಅದಕ್ಕೇ ಒಗರು ಮೆತ್ತಗೆ. ಅಡಿಕೆಯಿಂದ ಅಳಲೆಕಾಯಿಗೆ ಇಪ್ಪತ್ತು ವರ್ಷದ ಪ್ರಯಾಣ. ಕಾರ್ಡಿನಲ್ಲಿ ಇದಕ್ಕೆ ಏನಿತ್ತು ಗೊತ್ತಾ? ಟ್ಯಾನಿನ್: ಕಡಿಮೆ, ಮಧ್ಯಮ, ಜಾಸ್ತಿ. ಒಂದಕ್ಕೆ ಟಿಕ್ ಹಾಕಿ. ಅಷ್ಟೇ.

ಇಲ್ಲಿ ಇನ್ನೊಂದು ಗುಂಪಿನವರ ಮೇಲೂ ನನಗೆ ಸಿಟ್ಟಿದೆ. ಅವರು ನಮ್ಮ ಬ್ಲಾಗಿಗರಲ್ಲೇ ಇದ್ದಾರೆ, ಬೇಜಾರು ಮಾಡ್ಕೋಬೇಡಿ. ಟ್ಯಾನಿನ್ನಿಗೆ ಕನ್ನಡದಲ್ಲಿ ಹೊಸ ಪದ ಹುಟ್ಟಿಸಬೇಕು ಅಂತ ಹೊರಡೋರು. ಬೇಡ ಮಾರಾಯ್ರೆ. ಟ್ಯಾನಿನ್ ಅನ್ನೋದು ರಸಾಯನದ ಹೆಸರು, ಬಸ್ಸು ರೈಲಿನಂತೆ ಅದು ಹಾಗೇ ಇರಲಿ. ನಮಗೆ ಬೇಕಿರೋದು ಬಾಯಿಗೆ ತಾಗಿದ್ದರ ಹೆಸರು, ಅದು ಸಾವಿರ ವರ್ಷದಿಂದ ಇದೆ. ಟ್ಯಾನಿನ್ ಅನ್ನೋ ಹೆಸರಾದರೂ ಬಂದದ್ದು ತೊಗಲು ಹದ ಮಾಡುವ ಕೆಲಸದಿಂದ. ಮರದ ತೊಗಟೆಯ ಒಗರು ನೀರಲ್ಲಿ ಚರ್ಮ ನೆನೆಹಾಕಿದರೆ ಅದು ಕೊಳೆಯದೆ ಹದವಾಗುತ್ತೆ. ನಮ್ಮ ಕಡೆ ಅದಕ್ಕೆ ಜಾಲಿ ತೊಗಟೆ, ತಂಗಡಿ ತೊಗಟೆ, ಇದೇ ಅಳಲೆಕಾಯಿ. ಹಳೇ ಬರೋಲೊದಲ್ಲಿ ಚರ್ಮದ ವಾಸನೆ ಇರುತ್ತೆ ಅಂತ ಕಾರ್ಡು ಹೇಳುತ್ತಲ್ಲ, ಆ ವಾಸನೆಯ ಒಂದೊಂದು ಹಂತಕ್ಕೂ ಪದ ಬೇಕಿದ್ದರೆ ಹೊಸದಾಗಿ ಕಟ್ಟಬೇಡಿ, ಚರ್ಮದ ಕೆಲಸ ಮಾಡಿದ ಹಿರಿಯರ ಓಣಿಗೆ ಹೋಗಿ ಕೇಳಿ. ಕೇಳೋದಕ್ಕೆ ನಮಗೆ ನಾಚಿಕೆ. ಅದು ಭಾಷೆಯ ಬಡತನ ಅಲ್ಲ, ಜಾತಿ.

ಸರಿ, ಹಾಗಾದರೆ ಇಷ್ಟೆಲ್ಲಾ ಪದ ಇದ್ದೂ "ಪದ ಇಲ್ಲ" ಅಂತ ಯಾಕೆ ಅನ್ಸುತ್ತೆ? ನನಗೆ ಕಂಡ ಕಾರಣ: ಕನ್ನಡದಲ್ಲಿ ಕುಡಿತದ ಬಗ್ಗೆ ಮಾತಾಡೋಕೆ ನಾವು ಎರಡೇ ದಾರಿ ಇಟ್ಟುಕೊಂಡಿದ್ದೇವೆ. ಒಂದು ಉಪದೇಶ. ಇನ್ನೊಂದು ಸಿನಿಮಾದ ಕುಡುಕನ ಕಾಮಿಡಿ. ಕುಡುಕ ರತ್ನನಿಗೆ ರಾಜರತ್ನಂ ಕೊಟ್ಟ ಮರ್ಯಾದೆ ದೊಡ್ಡದು, ಒಪ್ತೀನಿ. ಆದರೆ ಅಲ್ಲಿ ಇರೋದು ಅಮಲು ಮತ್ತು ಮನಸ್ಸು, ನಾಲಿಗೆಯಲ್ಲ. ಮೂರನೇ ದಾರಿ ಹಿಂದೆ ಇತ್ತು. ಮಹಾಕಾವ್ಯ ಬರೆಯುವವನು ಹದಿನೆಂಟು ವರ್ಣನೆ ಮಾಡಲೇಬೇಕು ಅನ್ನೋ ಪಟ್ಟಿ ಇದೆಯಲ್ಲ, ಸಮುದ್ರ, ಪರ್ವತ, ಸೂರ್ಯೋದಯ, ಚಂದ್ರೋದಯ ಅಂತ, ಅದರಲ್ಲಿ ಮಧುಪಾನವೂ ಒಂದು. ನಮ್ಮ ಹಳಗನ್ನಡ ಕವಿಗಳು ಆ ಭಾಗ ಬಂದಾಗ ಕಣ್ಣು ಮುಚ್ಚಿಕೊಳ್ಳಲಿಲ್ಲ. ನಾವು ಪಠ್ಯಪುಸ್ತಕದಲ್ಲಿ ಸೂರ್ಯೋದಯ ಇಟ್ಟುಕೊಂಡು ಅದನ್ನು ಕತ್ತರಿಸಿದೆವು.

ಅಷ್ಟೇ ಯಾಕೆ, ನಮ್ಮ ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡ. ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಒಂಬತ್ತನೇ ಶತಮಾನದಲ್ಲಿ ಆ ಪುಸ್ತಕ ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಅಂತ ಹೆಮ್ಮೆಯಿಂದ ಹೇಳಿತು. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಅದನ್ನು ಮೈಕಿನಲ್ಲಿ ಕೂಗ್ತೇವೆ. ಕಾವ್ಯ ತೂಗಬಲ್ಲ ಜನಕ್ಕೆ ಒಂದು ಗುಟುಕು ವೈನು ತೂಗೋಕೆ ಬರೋದಿಲ್ವಂತೆ!

ಈಗ ನೀವು ಕೇಳೋ ಪ್ರಶ್ನೆ ನನಗೆ ಗೊತ್ತು, ಅವ್ವ ಅವತ್ತೇ ಕೇಳಿದಳು. ಎಲ್ಲಾ ಮೂಸಿ ಹೊಗಳಿ ಮುಗಿದ ಮೇಲೆ ಅಳಿಯನಿಗೆ: "ಇದನ್ನ ಕುಡದು ಅಲ್ಲಿ ಗಂಡಸರು ಹೆಂಡರನ್ನ ಹೊಡಿಯಂಗಿಲ್ಲೇನೋ?"

ಅವನು ತಲೆ ತಗ್ಗಿಸಿ, "ಹೊಡೀತಾರ ಆಯಿ. ಅಲ್ಲೂ ಹೊಡೀತಾರ" ಅಂದ.

ಅವ್ವ ಸುಮ್ಮನೆ ಕೇಳಿದ್ದಲ್ಲ. ಅವಳ ತಮ್ಮ, ನನ್ನ ಸೋದರಮಾವ, ಪಾಕೀಟು ಸಾರಾಯಿಗೆ ಹೋದ. ನಲವತ್ತೆರಡು ವಯಸ್ಸು. ಬೆಳಿಗ್ಗೆ ಹಲ್ಲು ಉಜ್ಜೋ ಮುಂಚೆ ಪಾಕೀಟಿನ ಮೂಲೆ ಕಚ್ಚಿ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದ, ಮೂಗು ಹಿಡಿದುಕೊಂಡು. ಹೌದು, ಮೂಗು ಹಿಡಿದುಕೊಂಡು. ಅದರ ರುಚಿ ಅವನಿಗೇ ಸಹಿಸೋಕೆ ಆಗುತ್ತಿರಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅವ್ವ ದೇವರಿಗೆ ಕಾಯಿ ಒಡೆಸಿದ್ದಳು. ತಮ್ಮ ಇರಲಿಲ್ಲ, ಆದರೂ ಒಡೆಸಿದಳು. ಅವಳ ಮುಂದೆ ನಾನು ವೈನು ಸಂಸ್ಕೃತಿ ಅಂತ ಭಾಷಣ ಬಿಗಿಯೋನಲ್ಲ. ರುಚಿ ಬಲ್ಲವರು ಕುಡುಕರಾಗೋದಿಲ್ಲ ಅನ್ನೋದು ಸುಳ್ಳು. ಇಟಲಿಯವರು ದೇವತೆಗಳೂ ಅಲ್ಲ. 1986ರಲ್ಲಿ ಇದೇ ಬರೋಲೊ ಪಕ್ಕದ ನಾರ್ತ್ಸೋಲೆ ಎಂಬ ಊರಿನ ವ್ಯಾಪಾರಿಗಳು ಅಗ್ಗದ ವೈನಿಗೆ ಮೆಥನಾಲ್ ಬೆರೆಸಿ ಮಾರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಜನ ಕಣ್ಣು ಕಳಕೊಂಡರು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದೂ ಅದೇ ವಿಷದಿಂದ. ಸಾರಾಯಿ ನಿಂತು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಕೋಲಾರ ಬೆಂಗಳೂರು ಹೊಸೂರು ಕಡೆ ಮತ್ತೆ ನೂರಕ್ಕೂ ಹೆಚ್ಚು ಹೆಣ.

ಆದರೆ ಆಮೇಲೆ ಏನಾಯ್ತು ಅನ್ನೋದರಲ್ಲಿ ವ್ಯತ್ಯಾಸ ಇದೆ. ಅಲ್ಲಿ ಆ ಸಾವುಗಳ ನಂತರ ಬಾಟ್ಲಿಯಲ್ಲಿ ಏನಿದೆ, ಯಾವ ಗುಡ್ಡದ್ದು, ಯಾರು ಮಾಡಿದ್ದು ಅನ್ನೋದನ್ನ ಜನ ಕೇಳೋಕೆ ಶುರು ಮಾಡಿದರು. ಜಗಳ ಆಡಿದರು. ಲಾ ಮೊರ್ರಾ ಊರಿನ ಎಲಿಯೊ ಆಲ್ತಾರೆ ಅನ್ನೋ ಯುವಕ ಅದಕ್ಕೂ ಮುಂಚೆಯೇ, 1980ರ ದಶಕದ ಆರಂಭದಲ್ಲಿ, ಅಪ್ಪನ ಹಳೇ ಪೀಪಾಯಿಗಳನ್ನು ಗರಗಸದಲ್ಲಿ ಕೊಯ್ದು ಹಾಕಿ ಫ್ರೆಂಚ್ ಮಾದರಿಯ ಚಿಕ್ಕ ಪೀಪಾಯಿ ತಂದಿದ್ದ. ಅಪ್ಪ ಅವನಿಗೆ ಆಸ್ತಿಯನ್ನೇ ಕೊಡಲಿಲ್ಲ! ಆ ಕಡೆ ಬಾರ್ತೊಲೊ ಮಾಸ್ಕರೆಲ್ಲೊ ಅನ್ನೋ ಹಟಮಾರಿ ಮುದುಕ 2005ರಲ್ಲಿ ಸಾಯೋವರೆಗೂ ದೊಡ್ಡ ಪೀಪಾಯಿ ಬಿಡಲಿಲ್ಲ. ಚಿಕ್ಕ ಪೀಪಾಯಿಯೂ ಬೇಡ, ಬೆರ್ಲುಸ್ಕೋನಿಯೂ ಬೇಡ ಅಂತ ಬಾಟ್ಲಿಯ ಚೀಟಿ ಮೇಲೇ ಬರೆದು ಅಂಟಿಸಿದ. ಒಂದು ರುಚಿಗಾಗಿ ಅಪ್ಪ ಮಗ ಮಾತು ಬಿಡ್ತಾರೆ, ಮುದುಕ ಪ್ರಧಾನಿಯನ್ನು ಬೈತಾನೆ.

ನಾವು? ನಮ್ಮ ಕಡೆ ಸೇಂದಿ ಇತ್ತು. ಈಚಲ ಮರದಿಂದ ಬೆಳಿಗ್ಗೆ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಮೂಗಿಗೆ ಏರೋದು. ಯಾವ ಮರದ್ದು, ಎಷ್ಟು ಹೊತ್ತಿನದು ಅಂತ ಕಾಕಾನ ವಯಸ್ಸಿನವರು ಗುಟುಕಿನಲ್ಲೇ ಹೇಳುತ್ತಿದ್ದರು. ಆಮೇಲೆ ಸಿ.ಎಚ್. ಪೌಡರ್ ಬಂತು. ಮರದ ಹಂಗೇ ಇಲ್ಲದೆ ನೀರಿಗೆ ಪೌಡರು, ಸಕ್ರೀನು ಕಲಸಿದ್ದು ಸೇಂದಿ ಅಂತ ಹೆಸರಾಯ್ತು. ಜನ ನರಳಿದರು. ಈಗ ನಮ್ಮ ಜಿಲ್ಲೆಯಲ್ಲಿ ಮಾರೋದು ಅಪರಾಧ, ಗಡಿ ದಾಟಿದರೆ ತೆಲಂಗಾಣದಲ್ಲಿ ಸರ್ಕಾರಿ ಲೈಸೆನ್ಸು. ಬಂದ್ ಮಾಡಿದ್ದು ಸರಿಯೋ ತಪ್ಪೋ ಅದು ಬೇರೆ ಜಗಳ, ಅವ್ವನ ಪಕ್ಷಕ್ಕೆ ನನ್ನ ಓಟು ಅರ್ಧ ಇದೆ. ನನ್ನ ತಕರಾರು ಇಷ್ಟೇ: ಪೌಡರು ಬೆರೆತಾಗ ಇದು ಸೇಂದಿಯ ರುಚಿ ಅಲ್ಲ ಅಂತ ಮೊದಲು ಗೊತ್ತಾದದ್ದು ಆ ಮುದುಕರ ನಾಲಿಗೆಗೆ. ಅವರ ಮಾತನ್ನು ಯಾರೂ ಕೇಳಲಿಲ್ಲ, ಯಾರೂ ಬರೆದಿಡಲಿಲ್ಲ. ಹೆಂಡದ ರುಚಿಯ ಬಗ್ಗೆ ಕುಡುಕ ಮುದುಕನ ಮಾತಿಗೆ ಏನು ಬೆಲೆ, ಅಲ್ವಾ? ಅದೇ ಮಾತು ಇಂಗ್ಲಿಷಿನಲ್ಲಿ ಟೈ ಕಟ್ಟಿದವನು ಆಡಿದರೆ ಅವನು ಎಕ್ಸ್‌ಪರ್ಟು.

ಮತ್ತೆ, ಇಟಲಿಯ ವೈನು ನಮಗ್ಯಾಕೆ ಅಂತ ತಳ್ಳಿ ಹಾಕೋ ಹಾಗೂ ಇಲ್ಲ ಈಗ. ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಇಟಲಿಯ ಅಣ್ಣತಮ್ಮಂದಿರೂ ಇಲ್ಲಿಯ ಅಣ್ಣತಮ್ಮಂದಿರೂ ಸೇರಿ ಮಾಡಿದ ಫ್ರಾತೆಲ್ಲಿ ಇದೆ. ಆ ಹೆಸರಿನ ಅರ್ಥವೇ ಅಣ್ಣತಮ್ಮಂದಿರು. ತೊಸ್ಕಾನಾದಿಂದ ಬಂದ ಪಿಯೆರೊ ಮಾಸಿ ಅಲ್ಲಿ ಸಾಂಜೊವೇಸೆ ದ್ರಾಕ್ಷಿಗೆ ಕಬೆರ್ನೆ ಸೇರಿಸಿ ಸೆತ್ತೆ ಅನ್ನೋ ಕೆಂಪು ವೈನು ಮಾಡಿದರು. ಹಂಪಿ ಕಡೆಯ ಗುಡ್ಡದಲ್ಲಿ ಕ್ರಿಸ್ಮಾದವರು ಅದೇ ಇಟಲಿಯ ಸಾಂಜೊವೇಸೆ ಬೆಳೆದು ಬಾಟ್ಲಿ ತುಂಬಿಸುತ್ತಿದ್ದಾರೆ. ಬಳ್ಳಿ ನೆಟ್ಟವರು, ಕಟಾವು ಮಾಡೋರು, ಬುಟ್ಟಿ ಹೊರೋರು ಕನ್ನಡ ಮಾತಾಡೋರು. ಆ ವೈನಿನ ಬೆನ್ನ ಮೇಲಿನ ಚೀಟಿ ಓದಿ, ರುಚಿಯ ಬಗ್ಗೆ ಒಂದಕ್ಷರ ಕನ್ನಡ ಹುಡುಕಿಕೊಡಿ ನೋಡೋಣ. "ಮದ್ಯಪಾನ ಆರೋಗ್ಯಕ್ಕೆ ಹಾನಿಕರ" ಅನ್ನೋದು ಒಂದೇ ಸಿಕ್ಕೀತು. ಅದೂ ಬೇಕು, ಬೇಡ ಅನ್ನಲಿಲ್ಲ.

ಹಾಂ, ಕಾಕಾಗೆ ಬರೋಲೊ ಹಿಡಿಸಲಿಲ್ಲ. ಇಷ್ಟೆಲ್ಲಾ ಚೆನ್ನಾಗಿ ಹೇಳಿದವನು ಎರಡನೇ ಸಲ ಗ್ಲಾಸು ಮುಂದೆ ಮಾಡಲಿಲ್ಲ. "ಛಲೋ ಅದ. ಖರೆ ನನಗ ಬ್ಯಾಡ" ಅಂದ. ಎಷ್ಟು ಕೊಟ್ಟಿ ಅಂತ ಅಳಿಯನನ್ನು ಕೇಳಿ, ಉತ್ತರ ಕೇಳಿ, ಅವನಿಗೆ ಬೈದು, ಎಲೆ ಅಡಿಕೆ ಚೀಲ ಬಿಚ್ಚಿದ. ನಾನು ಅಳಿಯ ಉಳಿದದ್ದನ್ನು ಮರುದಿನದ ಭಜ್ಜಿ, ಕಟಕ ರೊಟ್ಟಿ ಜತೆ ನಿಧಾನಕ್ಕೆ ಮುಗಿಸಿದೆವು. ಭಜ್ಜಿಯ ಹುಳಿಗೆ ವೈನಿನ ಹುಳಿ ಚೆನ್ನಾಗಿ ಹೊಂದಿತು, ಹಸಿಮೆಣಸಿನಕಾಯಿ ಖಾರಕ್ಕೆ ಮಾತ್ರ ಒಗರು ಎರಡು ಪಟ್ಟಾಯ್ತು. ಇದು ಯಾವ ಕಾರ್ಡಿನಲ್ಲೂ ಇರಲಿಕ್ಕಿಲ್ಲ, ಬರೆದಿಟ್ಟುಕೊಳ್ಳಿ.

ಕೊನೆಗೆ ಒಂದು ಕೆಲಸ ನಿಮಗೆ. ಕುಡಿಯೋರು ಬಿಡೋರು ಎಲ್ಲರಿಗೂ, ಚಾ ಕುಡಿದೂ ಮಾಡಬಹುದು. ನಿಮ್ಮೂರಲ್ಲಿ ಒಗರಿಗೆ ಏನೇನು ಹೆಸರು, ಯಾವ ಕಾಯಿಯದ್ದು ಹೇಗಿರುತ್ತೆ, ನಿಮ್ಮ ಅಜ್ಜಿ ಹಳೇ ಹುಣಸೆಹಣ್ಣಿನ ವಾಸನೆಗೆ ಏನಂತಿದ್ದರು, ಇಲ್ಲಿ ಬರೆಯಿರಿ. ಮಲೆನಾಡಿನವರು ವಾಟೆಹುಳಿ ಬಗ್ಗೆ ಬರೆಯದಿದ್ದರೆ ನಾನು ಸುಮ್ಮನಿರೋದಿಲ್ಲ. ಬೆಂಗಳೂರಿನ ಆ ಸಾಹೇಬರು ಇದನ್ನು ಓದುತ್ತಿದ್ದರೆ ಅವರೂ ಬರೆಯಲಿ, ಅವರ ಊರು ಯಾವುದು ಅಂತ ಕೇಳೋದು ನಾನು ಮರೆತೆ.

ಬರೋಲೊ ಬಾಟ್ಲಿ ಏನಾಯ್ತು ಅಂತೀರಾ? ಅಳಿಯ ನೆನಪಿಗೆ ಇಟ್ಟುಕೋ ಅಂತ ನನಗೆ ಕೊಟ್ಟಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಗಸಿಯನ್ನೆಲ್ಲಾ ಬೂದಿ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಕುಸುಬಿ ಎಣ್ಣೆ ತುಂಬಿಸಿ ಒಲೆಯ ಪಕ್ಕ ಇಟ್ಟಿದ್ದಳು.